ಮರುಎಣಿಕೆಯ ಮೂರು ದಿನ

"ಮೇಡಂ, ಎದುರು ಕೂತಿರೋರು ನನಗೆ ಕಣ್ಣು ಹೊಡೀತಿದ್ದಾರೆ."

ಅವಳು ಹೀಗೆಂದಿದ್ದೇ ತಡ, ಶಾಲೆಯ ವ್ಯಾಯಾಮದ ಹಾಲ್‌ನಲ್ಲಿದ್ದ ಇಪ್ಪತ್ತು ಜನರ ಕೈ ಒಟ್ಟಿಗೇ ನಿಂತಿತು. ಮತಪತ್ರವೊಂದನ್ನು ಎತ್ತಿ ತೋರಿಸುತ್ತಿದ್ದ ಗುಮಾಸ್ತ ಅದನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ತಿರುಗಿದ. ಎಣಿಕೆಯ ಅಧಿಕಾರಿಯಾಗಿ ಬಂದಿದ್ದವರು ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯಿನಿ. ಊರಲ್ಲಿ ಅರ್ಧ ಜನರ ಕಿವಿ ಹಿಂಡಿದ್ದ ಅವರನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಅವರು ಪೆನ್ನು ಕೆಳಗಿಟ್ಟರು.

"ಹೌದೇನಪ್ಪಾ?"

"ಅಯ್ಯೋ, ಇಲ್ಲ ಮೇಡಂ. ಎಡಗಡೆ ಗಾಜು ಬಿರುಕು ಬಿಟ್ಟಿದೆ. ಆ ಕಣ್ಣಲ್ಲಿ ನೋಡಿದ್ರೆ ಒಂದು ವೋಟು ಎರಡಾಗಿ ಕಾಣುತ್ತೆ. ಅದಕ್ಕೇ ಮುಚ್ಕೋತಿದ್ದೀನಿ." ಅವನು ಕನ್ನಡಕ ತೆಗೆದು ಬೆಳಕಿಗೆ ಹಿಡಿದ. ಗಾಜಿನ ಮೇಲೆ ಜೇಡರ ಬಲೆಯಂಥ ಗೆರೆ. "ಮೊನ್ನೆ ಮೆರವಣಿಗೆಯಲ್ಲಿ ಬಾವುಟದ ಕೋಲು ತಗುಲ್ತು. ನಮ್ಮ ಪಕ್ಷದ ಬಾವುಟಾನೇ. ಬೈಯೋಣ ಅಂದ್ರೆ ಎದುರು ಪಕ್ಷದವರೂ ಅಲ್ಲ."

ಹಾಲ್‌ನಲ್ಲಿ ನಗು ಎದ್ದಿತು. ಅವಳ ಕಿವಿ ಬಿಸಿಯಾಯಿತು. ಅವಳ ಕೆಲಸವೇ ಕನ್ನಡಕ ಮಾಡುವುದು. ಹತ್ತು ವರ್ಷದಿಂದ ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತಿದ್ದವಳಿಗೆ ಮೂರಡಿ ದೂರದ ಬಿರುಕು ಕಂಡಿರಲಿಲ್ಲ. ಅದರ ಹಿಂದಿನ ಕಣ್ಣು ಮಾತ್ರ ಕಂಡಿತ್ತು.

ವಾರ್ಡಿನ ಚುನಾವಣೆಯಲ್ಲಿ ನೇರಳೆ ಪಕ್ಷದಿಂದ ನಿಂತಿದ್ದವರು ಅವಳ ಸೋದರಮಾವ. ಹಳದಿ ಪಕ್ಷದಿಂದ ನಿಂತವರು ಇವನ ಅಣ್ಣ. ಮಾವ ಗೆದ್ದದ್ದು ಹನ್ನೊಂದೇ ಮತಗಳಿಂದ. ಹಳದಿಯವರು ಮರುಎಣಿಕೆ ಕೇಳಿದರು. ಒಂದೊಂದೇ ಚೀಟಿಯನ್ನು ಕಣ್ಣಿನಿಂದ ನೋಡಿ ಎಣಿಸಬೇಕು. ಎರಡೂ ಕಡೆಯಿಂದ ಒಬ್ಬೊಬ್ಬರು ಎದುರುಬದುರು ಕೂರಬೇಕು. ಪಕ್ಷದವರನ್ನು ಪಕ್ಷದವರೇ ನಂಬದ ಕಾಲ. ಹಾಗಾಗಿ ಮಾವ, "ನಿನ್ನ ಕಣ್ಣು ಚುರುಕು, ನೀನೇ ಕೂತ್ಕೋ," ಎಂದು ಅವಳನ್ನು ಕಳಿಸಿದ್ದರು. ಅಣ್ಣ, ಟೈಲರ್ ಆಗಿದ್ದ ತಮ್ಮನನ್ನು ಹೊಲಿಗೆ ಯಂತ್ರದಿಂದ ಎಬ್ಬಿಸಿ ತಂದು ಕೂರಿಸಿದ್ದರು.

ಅವಳಿಗೆ ಬರುವ ಮನಸ್ಸಿರಲಿಲ್ಲ. ಬೀದಿಯಲ್ಲಿ ಎಲ್ಲರಿಗೂ ಇದೆಲ್ಲ ಸಾಕಾಗಿಹೋಗಿತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದಂತೆ ಎರಡು ಪಕ್ಷಗಳ ಜಗಳದಲ್ಲಿ ಬೀದಿ ಬಡವಾಗಿತ್ತು. ಕನ್ನಡಕದ ಫ್ರೇಮಿಗೂ ಪಕ್ಷ ಬಂದಿತ್ತು. ನೇರಳೆ ಬಣ್ಣದ ಫ್ರೇಮು ಮುಖಕ್ಕೆ ಎಷ್ಟು ಒಪ್ಪಿದರೂ, "ಬೇಡಮ್ಮಾ, ಜನ ಏನಂದ್ಕೋತಾರೆ," ಎಂದು ಕೆಳಗಿಡುವವರನ್ನು ಅವಳು ದಿನವೂ ನೋಡುತ್ತಿದ್ದಳು. ಮನೆಯಲ್ಲೂ ಅದೇ. ಚಿಕ್ಕಮ್ಮ ಹಳದಿ ಪಕ್ಷದ ಒಂದು ಮನೆಗೆ ಸೊಸೆಯಾಗಿ ಹೋದವರು. ನಾಲ್ಕು ವರ್ಷದ ಹಿಂದೆ ಊಟದ ಮೇಜಿನ ಮುಂದೆ ಒಂದು ಮಾತಿಗೆ ಇನ್ನೊಂದು ಮಾತು ಬೆಳೆಯಿತು. ಅಂದಿನಿಂದ ಅಮ್ಮನಿಗೂ ಚಿಕ್ಕಮ್ಮನಿಗೂ ಮಾತಿಲ್ಲ. ಚಿಕ್ಕಮ್ಮನ ಮನೆ ಇರುವುದು ಎರಡೇ ಬೀದಿ ಆಚೆ. ಆ ಗೇಟು ಕಣ್ಣಿಗೆ ಬೀಳದಿರಲೆಂದು ಅಮ್ಮ ಔಷಧಿ ಅಂಗಡಿಗೂ ಸುತ್ತುದಾರಿ ಹಿಡಿದು ಹೋಗುತ್ತಿದ್ದಳು.

ಸಂಜೆ ಪೆಟ್ಟಿಗೆಗಳಿಗೆ ಮೊಹರು ಹಾಕಿದ ಮೇಲೆ ಅವಳು ಅವನ ಮುಂದೆ ಕೈ ಚಾಚಿದಳು.

"ಬಿಚ್ಚಿ ಕೊಡಿ."

"ಏನನ್ನ?"

"ಕನ್ನಡಕಾನ. ನಾಳೇನೂ ಒಂದು ಕಣ್ಣು ಮುಚ್ಕೊಂಡು ಕೂತ್ರೆ ನಾನು ಮತ್ತೆ ದೂರು ಕೊಡಬೇಕಾಗುತ್ತೆ."

ಅವನು ಕೊಟ್ಟ. ಬರಿಗಣ್ಣಿನಲ್ಲಿ ಅವಳ ಕಡೆ ನೋಡಿದ. ದೂರದಿಂದ ಬರುತ್ತಿರುವ ಬಸ್ಸಿನ ನಂಬರು ಓದುವವನ ಹಾಗೆ ಹುಬ್ಬು ಗಂಟಿಕ್ಕಿದ್ದ. ಅವಳಿಗೆ ನಗು ಬಂತು.

"ಮನೆಗೆ ದಾರಿ ಕಾಣುತ್ತಾ?"

"ನೀವು ಆ ಕಡೆನೇ ಹೋಗೋದಾದ್ರೆ ಕಾಣುತ್ತೆ."

ಹೊರಗೆ ಗೇಟಿನ ಬಳಿ ಎರಡು ಗುಂಪುಗಳು ಘೋಷಣೆ ಕೂಗುತ್ತಿದ್ದವು. ಅವಳು ಬಲಕ್ಕೆ, ಅವನು ಎಡಕ್ಕೆ ಹೋಗಲೇಬೇಕಿತ್ತು. ಹೋದರು.

ಎರಡನೆಯ ದಿನ ಅವಳು ಹೊಸ ಗಾಜು ಕೂರಿಸಿದ ಕನ್ನಡಕವನ್ನು ಮೇಜಿನ ಮೇಲಿಟ್ಟಾಗ ದೊಡ್ಡ ಮೇಡಂ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದು ಲಂಚವೋ, ಉಡುಗೊರೆಯೋ?"

"ರಿಪೇರಿ, ಮೇಡಂ."

"ಹಾಕ್ಕೊಳ್ಳಪ್ಪಾ. ಸರಿಯಾಗಿ ಕಾಣುತ್ತಾ ಹೇಳು."

ಅವನು ಹಾಕಿಕೊಂಡ. ಗೋಡೆ ನೋಡಲಿಲ್ಲ, ಗಡಿಯಾರ ನೋಡಲಿಲ್ಲ. ನೇರ ಅವಳನ್ನೇ ನೋಡಿದ. ಬಟ್ಟೆಯ ಅಂಚು ಅಳೆಯುವವರ ನಿಧಾನ ಆ ನೋಟದಲ್ಲಿತ್ತು: ಹಣೆ, ಹುಬ್ಬು, ಆಮೇಲೆ ಅವಳು ಕಚ್ಚಿ ಹಿಡಿದಿದ್ದ ತುಟಿ.

"ಚೆನ್ನಾಗಿ ಕಾಣುತ್ತೆ, ಮೇಡಂ," ಎಂದ.

ಅವಳು ಮುಂದಿನ ಹತ್ತು ಚೀಟಿಗಳಲ್ಲಿ ಏನು ನೋಡಿದಳೋ ಅವಳಿಗೇ ಗೊತ್ತಿಲ್ಲ.

ಮಧ್ಯಾಹ್ನ ಅನುಮಾನದ ಚೀಟಿಗಳು ಬಂದವು. ಮುದ್ರೆ ಒತ್ತಿ ಸುಮ್ಮನಾಗದೆ ಜನ ಏನೇನೋ ಬರೆದಿದ್ದರು. ಒಬ್ಬರು ಎರಡೂ ಹೆಸರಿಗೆ ಕಾಟು ಹೊಡೆದು, "ಮೊದಲು ಬಸ್ ಸ್ಟಾಪಿಗೆ ಒಂದು ಬೆಂಚು ಹಾಕಿ" ಎಂದಿದ್ದರು. ಇನ್ನೊಬ್ಬರದು, "ಇಬ್ಬರೂ ಒಂದು ವಾರ ಮೈಕು ಮುಟ್ಟಬೇಡಿ, ಆಮೇಲೆ ಯೋಚಿಸುತ್ತೇನೆ." ಗುಮಾಸ್ತ ಓದುತ್ತಾ ಓದುತ್ತಾ ನಕ್ಕ. ಆಮೇಲೆ ಯಾಕೋ ಯಾರೂ ನಗಲಿಲ್ಲ. ಅಂಥವು ಇಪ್ಪತ್ತಮೂರಿದ್ದವು.

ಒಂದು ಚೀಟಿಯಲ್ಲಿ ಮುದ್ರೆ ಎರಡು ಹೆಸರುಗಳ ನಡುವಿನ ಗೆರೆಯ ಮೇಲೆಯೇ ಬಿದ್ದಿತ್ತು. ಯಾರ ಕಡೆ ಹೆಚ್ಚಿದೆ ಎಂಬುದರ ಮೇಲೆ ತೀರ್ಮಾನ. ಅವಳು ವಾದಕ್ಕೆ ಬಾಯಿ ತೆರೆಯುವ ಮೊದಲೇ ಅವನು ಬಗ್ಗಿ ನೋಡಿ ಹೇಳಿದ:

"ಮುಕ್ಕಾಲು ಪಾಲು ನೇರಳೆ ಕಡೆ ಇದೆ. ಅವರದ್ದೇ."

ಚಹಾ ಬಿಡುವಿನಲ್ಲಿ ಅವನ ಅಣ್ಣ ಅವನನ್ನು ಕಾರಿಡಾರಿಗೆ ಎಳೆದುಕೊಂಡು ಹೋದರು. ನಲ್ಲಿಯ ಬಳಿ ಲೋಟ ತೊಳೆಯುತ್ತಿದ್ದ ಅವಳಿಗೆ ಎಲ್ಲವೂ ಕೇಳಿಸಿತು.

"ನೀನು ಯಾರ ತಮ್ಮ? ನನ್ನ ತಮ್ಮನೋ, ಅವರ ತಮ್ಮನೋ?"

"ನಿನ್ನ ತಮ್ಮನೇ."

"ಮತ್ತೆ ಆ ವೋಟು ಬಿಟ್ಟುಕೊಟ್ಟೆ!"

"ಅಣ್ಣಾ, ಬಟ್ಟೆ ಎಷ್ಟಿದೆಯೋ ಅಷ್ಟನ್ನೇ ಕತ್ತರಿಸೋಕೆ ಆಗೋದು. ಇಲ್ಲದ ಬಟ್ಟೆಯಲ್ಲಿ ತೋಳು ಹೊಲಿ ಅಂದ್ರೆ ಎಲ್ಲಿಂದ ಹೊಲೀಲಿ?"

ಅಣ್ಣ ಏನೋ ಗೊಣಗಿಕೊಂಡು ಹೋದರು. ಅವನು ತಿರುಗಿದಾಗ ಅವಳು ಅಲ್ಲೇ ಇದ್ದಳು. ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದಳು.

"ಬೈಸಿಕೊಂಡ್ರಾ?" ಮೆಲ್ಲಗೆ ಕೇಳಿದಳು.

"ಸ್ವಲ್ಪ. ಮನೆಗೆ ಹೋದ ಮೇಲೆ ಉಳಿದದ್ದು."

"ನಾನೇನಾದ್ರೂ ಮಾಡಬಹುದಾ?"

"ನಾಳೆ ಸ್ವಲ್ಪ ಬೇಗ ಬನ್ನಿ," ಎಂದ ಅವನು. "ಎಣಿಕೆ ಶುರುವಾದ್ರೆ ನೀವು ಚೀಟಿ ನೋಡ್ತೀರಿ. ನಾನು ಏನು ನೋಡ್ತೀನಿ ಅಂತ ಗಮನಿಸೋರು ಯಾರೂ ಇರಲ್ಲ."

ಮೂರನೆಯ ದಿನ ಅವಳು ಮುಕ್ಕಾಲು ಗಂಟೆ ಮೊದಲೇ ಹೋದಳು. ಗೇಟಿನ ಹೊರಗೆ ಒಬ್ಬರೂ ಇರಲಿಲ್ಲ. ಘೋಷಣೆ ಕೂಗುತ್ತಿದ್ದವರೆಲ್ಲ ಕೆಲಸಕ್ಕೆ ಹೋಗಿದ್ದರು. ಅವನು ಮೆಟ್ಟಿಲ ಮೇಲೆ ಕೂತಿದ್ದ. ಇಬ್ಬರೂ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು. ಪಕ್ಷದ ಮಾತು ಆಡಬಾರದೆಂದು ಒಪ್ಪಂದವಾಯಿತು. ಆಮೇಲೆ ಗುಂಡಿ ಹೊಲಿಯುವಾಗ ಬೆರಳಿಗೆ ಸೂಜಿ ಚುಚ್ಚುವುದರ ಬಗ್ಗೆ, ಮೊದಲ ಸಲ ಕನ್ನಡಕ ಹಾಕಿದವರು ಮರದ ಎಲೆಗಳನ್ನು ನೋಡಿ ಬೆರಗಾಗುವುದರ ಬಗ್ಗೆ ಮಾತಾಡಿದರು. ಮುಕ್ಕಾಲು ಗಂಟೆ ಮುಗಿದಾಗ ನಡುವಿನ ಜಾಗದಲ್ಲಿ ಒಂದು ಪುಸ್ತಕ ಇಡಲೂ ಆಗುತ್ತಿರಲಿಲ್ಲ.

ಸಂಜೆಯ ಹೊತ್ತಿಗೆ ಎಲ್ಲ ಮುಗಿದು ಒಂದೇ ಒಂದು ಅನುಮಾನದ ಚೀಟಿ ಉಳಿಯಿತು. ಮಾವನ ಹನ್ನೊಂದು ಮತಗಳ ಮುನ್ನಡೆ ತಿರಸ್ಕೃತ ಚೀಟಿಗಳಲ್ಲಿ ಕರಗಿಹೋಗಿತ್ತು. ಆ ಒಂದು ಚೀಟಿ ಬಿಟ್ಟರೆ ಎರಡೂ ಕಡೆ ಸರಿಸಮ. ಮಾವ ಮತ್ತು ಅಣ್ಣ ಹಾಲ್‌ನ ಎರಡು ಮೂಲೆಗಳಲ್ಲಿ ಎದ್ದು ನಿಂತರು.

ಚೀಟಿಯಲ್ಲಿ ಮುದ್ರೆ ಸ್ಪಷ್ಟವಾಗಿ ನೇರಳೆಗೇ ಬಿದ್ದಿತ್ತು. ಕೆಳಗೆ ಒಂದು ಸಾಲು. ದೊಡ್ಡ ಮೇಡಂ ಗಟ್ಟಿಯಾಗಿ ಓದಿದರು:

"'ವೋಟು ಹಾಕಿದ್ದೇನೆ. ಇನ್ನಾದರೂ ನನ್ನ ತಂಗಿಯನ್ನು ನನಗೆ ಬಿಟ್ಟುಕೊಡಿ.'"

ಅವಳು ಚೀಟಿ ನೋಡಿದಳು. ಅಕ್ಷರದ ಕೊನೆಗೆ ಬರುವ ಆ ಉದ್ದನೆಯ ಸುಳಿ. ಅಡುಗೆಮನೆಯ ಡಬ್ಬಿಗಳ ಮೇಲೆ, ಅವಳ ಹಳೆಯ ಶಾಲಾ ಪುಸ್ತಕಗಳ ಮೇಲೆ, ಫ್ರಿಜ್ಜಿಗೆ ಅಂಟಿಸಿದ ಚೀಟಿಗಳ ಮೇಲೆ ಹುಟ್ಟಿದಾಗಿನಿಂದ ನೋಡಿದ ಸುಳಿ.

"ಬರಹದಿಂದ ಮತದಾರರು ಯಾರು ಅಂತ ಗೊತ್ತಾಗೋ ಹಾಗಿದ್ರೆ ಇದು ತಿರಸ್ಕೃತ," ಎಂದರು ದೊಡ್ಡ ಮೇಡಂ. "ಇಲ್ಲಿ ಹೆಸರಿಲ್ಲ, ಸಹಿ ಇಲ್ಲ. ಹಳದಿಯವರದು ಆಕ್ಷೇಪಣೆ ಇದೆಯಾ?"

ಅವನು ಚೀಟಿ ನೋಡಿದ. ಆಮೇಲೆ ಅವಳ ಮುಖ ನೋಡಿದ. ಅದು ಸುಣ್ಣದಂತೆ ಬಿಳುಚಿತ್ತು. ಅವನಿಗೆ ಅರ್ಧ ಅರ್ಥವಾಯಿತು. ಉಳಿದರ್ಧ ಅವನು ಕೇಳಲಿಲ್ಲ.

"ಇಲ್ಲ ಮೇಡಂ. ತಂಗಿ ಇರೋರು ಊರಲ್ಲಿ ಸಾವಿರ ಜನ."

ಮಾವನ ಮುಖ ಅರಳಿತು. ಅವಳು ತುಟಿ ಪಿಟಕ್ಕೆನ್ನದೆ ಕೂತಿದ್ದರೆ ಸಾಕಿತ್ತು, ಎಲ್ಲ ಮುಗಿಯುತ್ತಿತ್ತು. ಅವಳು ಎದ್ದು ನಿಂತಳು.

"ಆಕ್ಷೇಪಣೆ ಇದೆ, ಮೇಡಂ. ನನ್ನದು."

"ನಿಮ್ಮ ಕಡೆ ವೋಟಿಗೆ ನಿಮ್ಮದೇ ಆಕ್ಷೇಪಣೆಯಾ?"

"ಇದು ಯಾರ ಕೈಬರಹ ಅಂತ ನನಗೆ ಗೊತ್ತು. ದಯವಿಟ್ಟು ಹೆಸರು ಕೇಳ್ಬೇಡಿ."

ದೊಡ್ಡ ಮೇಡಂ ಅವಳನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಚೀಟಿಯ ಮೇಲೆ ತಿರಸ್ಕೃತ ಎಂಬ ಕೆಂಪು ಮುದ್ರೆ ಒತ್ತಿದರು. ಸರಿಸಮವಾದರೆ ಚೀಟಿ ಎತ್ತಬೇಕೆಂಬುದು ನಿಯಮ. ಸ್ಟೀಲ್ ಲೋಟದೊಳಗೆ ಎರಡು ಹೆಸರು ಹಾಕಿ ಕುಲುಕಿ ಒಂದನ್ನು ಎತ್ತಿದರು. ಹಳದಿ ಬಂತು.

ಅವಳು ತಲೆಯೆತ್ತದೆ ಹೊರಗೆ ನಡೆದಳು. ಅವನು "ಒಂದ್ನಿಮಿಷ..." ಎಂದದ್ದು ಕೇಳಿಸಿತು, ಅಷ್ಟರಲ್ಲಿ ಅವನ ಅಣ್ಣನ ಕಡೆಯವರು ಅವನನ್ನು ಹೆಗಲ ಮೇಲೆ ಎತ್ತಿಕೊಂಡಿದ್ದರು.

ಮನೆಗೆ ಬರುವಷ್ಟರಲ್ಲಿ ಮಾವ ಅಲ್ಲಿಗೂ ಬಂದು ಕೂತಿದ್ದರು.

"ಊರಿಗೆ ಉಪಕಾರಿ, ಮನೆಗೆ ಮಾರಿ!" ಎಂದು ಮೇಜು ಗುದ್ದಿದರು. "ಕೇಳು ಅಕ್ಕಾ, ನಿನ್ನ ಮಗಳ ಘನಕಾರ್ಯ. ಯಾವಳೋ ಹುಚ್ಚಿ ತಂಗಿಯನ್ನು ಬಿಟ್ಟುಕೊಡಿ ಅಂತ ಚೀಟಿಯಲ್ಲಿ ಗೀಚಿದಾಳೆ. ಇವಳಿಗೆ ಆ ಕೈಬರಹ ಗೊತ್ತಂತೆ! ಯಾರದು ಅಂತ ಕೇಳಿದ್ರೆ ಬಾಯಿಗೆ ಬೀಗ."

ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು.

"ನಂದು ಕಣೋ," ಎಂದಳು.

ಮಾವನ ಕೈ ಮೇಜಿನ ಮೇಲೆಯೇ ಉಳಿಯಿತು.

"ನಿನಗೇ ಹಾಕ್ದೆ. ಒಡಹುಟ್ಟಿದವನಲ್ವಾ. ಆದ್ರೆ ಅವಳೂ ನನ್ನ ಒಡಹುಟ್ಟಿದವಳೇ. ನಾಲ್ಕು ವರ್ಷ ಆಯ್ತು. ನೀವು ಗಂಡಸರು ಮೈಕಲ್ಲಿ ಬೈದಾಡಿ, ಆಮೇಲೆ ಕೌನ್ಸಿಲ್ ಆಫೀಸಲ್ಲಿ ಒಟ್ಟಿಗೆ ಕಾಫಿ ಕುಡೀತೀರಿ. ನಾನು ಅವಳ ಗೇಟಿನ ಮುಂದೆ ಹೋಗೋಕೂ ಹೆದರ್ತೀನಿ. ಹುಚ್ಚಿ ಅಂದ್ಯಲ್ಲ, ಹೌದು, ಹುಚ್ಚೇ ಹಿಡಿದಿತ್ತು."

ಮಾವ ಎದ್ದು ಬಾಗಿಲವರೆಗೆ ಹೋಗಿ, ತಿರುಗಿ, "ಅವಳಿಗೆ ಫೋನ್ ಮಾಡು ಅಕ್ಕಾ," ಎಂದರು. ಸೋದರಸೊಸೆಯ ಮುಖ ಮಾತ್ರ ನೋಡಲಿಲ್ಲ.

ಮರುದಿನವೇ ಚಿಕ್ಕಮ್ಮ ಬಂದರು. ಅಕ್ಕತಂಗಿ ಮೊದಲ ಹತ್ತು ನಿಮಿಷ ನಾಲ್ಕು ವರ್ಷದ ಹಿಂದೆ ಒಯ್ದು ವಾಪಸು ಕೊಡದ ಒಂದು ಡಬ್ಬಿಯ ಬಗ್ಗೆ ಜೋರಾಗಿ ಜಗಳವಾಡಿದರು. ಆಮೇಲೆ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಅವಳು ಬಾಗಿಲ ಸಂದಿಯಿಂದ ನೋಡಿದಳು. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಆದರೆ ಅವನು ಬರಲಿಲ್ಲ. ಒಂದು ದಿನ, ಎರಡು ದಿನ, ಒಂಬತ್ತು ದಿನ. ಅಂಗಡಿಯ ಬಾಗಿಲ ಗಂಟೆ ಸದ್ದಾದಾಗಲೆಲ್ಲ ಅವಳು ತಲೆಯೆತ್ತಿದಳು. ಗೆದ್ದವರ ಮನೆಯವನಿಗೆ ಸೋತವರ ಮನೆಯವಳು ಯಾಕೆ ಬೇಕು ಎಂದು ತನಗೆ ತಾನೇ ಹೇಳಿಕೊಂಡು ಎರಡು ಗಾಜು ಒಡೆದಳು. ಹತ್ತನೆಯ ದಿನ ಅಂಗಡಿ ಮುಚ್ಚಿ ನೇರ ಹಳದಿಯವರ ಬೀದಿಯಲ್ಲಿದ್ದ ಅವನ ಹೊಲಿಗೆ ಅಂಗಡಿಗೆ ನಡೆದಳು.

ಅವನು ಒಂದು ಶಾಲಾ ಸಮವಸ್ತ್ರದ ಅಂಚು ಬಿಚ್ಚುತ್ತಿದ್ದ. ಅವಳನ್ನು ಕಂಡು ಎದ್ದ ರಭಸಕ್ಕೆ ಸ್ಟೂಲು ಉರುಳಿತು.

"ಏನು ಹೊಲಿಸಬೇಕಿತ್ತು?" ಎಂದ. ಅವನಿಗೇ ನಾಚಿಕೆಯಾಯಿತು.

"ಒಂದು ಮಾತು ಹರಿದುಹೋಗಿದೆ. 'ಒಂದ್ನಿಮಿಷ' ಅಂದಿದ್ರಿ. ಹತ್ತು ದಿನ ಆಯ್ತು."

"ಬರಬೇಕು ಅಂತ ದಿನಾ ಹೊರಡ್ತಿದ್ದೆ." ಅವನು ಕತ್ತರಿಯನ್ನು ಎತ್ತಿ, ಇಟ್ಟು, ಮತ್ತೆ ಎತ್ತಿದ. "ಗೆದ್ದ ಮನೆಯವನು ಸೋತ ಮನೆ ಬಾಗಿಲಿಗೆ ಬಂದ್ರೆ ಮೆರೆಯೋಕೆ ಬಂದ ಅಂತಾರೆ ಅಂದ್ಕೊಂಡೆ. ನಿಮಗೆ ನೋವಾಗುತ್ತೆ ಅಂತ."

"ಯಾರು ಗೆದ್ದಿದ್ದು? ಲೋಟ ಗೆದ್ದಿದ್ದು. ನಮ್ಮನೆಗೆ ಚಿಕ್ಕಮ್ಮ ಬಂದು ಹೋದ್ರು, ಗೊತ್ತಾ? ನಾವೇನೂ ಸೋತಿಲ್ಲ."

ಅವನು ಕತ್ತರಿ ಕೆಳಗಿಟ್ಟ. ಮೇಜು ಸುತ್ತಿಕೊಂಡು ಈಚೆ ಬಂದ. ಮೂರು ದಿನ ಅವರ ನಡುವೆ ಯಾವಾಗಲೂ ಒಂದು ಮೇಜಿತ್ತು, ಈಗ ಇರಲಿಲ್ಲ.

"ಹಾಗಾದ್ರೆ ಹೇಳಿಬಿಡ್ತೀನಿ. ಆ ದಿನ ನೀವು ಎದ್ದು ನಿಂತ್ರಲ್ಲ, ಆಗ ನಂಗೆ ಅಣ್ಣ ಗೆಲ್ತಾನಾ ಸೋಲ್ತಾನಾ ಅನ್ನೋದು ಮರ್ತೇಹೋಯ್ತು. ಇವಳ ಪಕ್ಕ ಕೂರಬೇಕು, ಎದುರಲ್ಲಿ ಅಲ್ಲ, ಅನ್ನಿಸ್ತು. ಒಂದು ದಿನಕ್ಕಲ್ಲ. ಪೂರ್ತಿ."

ಅವಳು ಅವನ ಶರ್ಟಿನ ತೋಳಿಗೆ ಅಂಟಿದ್ದ ದಾರದ ತುಂಡೊಂದನ್ನು ತೆಗೆದಳು. ತೆಗೆದ ಕೈ ಅಲ್ಲೇ ಉಳಿಯಿತು. ಅವನ ಕೈ ಬಂದು ಅದರ ಮೇಲೆ ಕೂತಿತು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳು ಬೆಚ್ಚಗಿದ್ದವು.

"ನಿಮ್ಮ ಮಾವ ಒಪ್ತಾರಾ?" ಅವನು ಕೇಳಿದ.

"ಸುತಾರಾಂ ಒಪ್ಪಲ್ಲ. ನಿಮ್ಮಣ್ಣ?"

"ಖಂಡಿತಾ ಒಪ್ಪಲ್ಲ."

ಅವಳು ಅವನ ಎದೆಗೆ ಹಣೆಯಾನಿಸಿ ನಗತೊಡಗಿದಳು. "ನೋಡಿ, ಇಷ್ಟು ವರ್ಷದಲ್ಲಿ ಮೊದಲನೇ ಸಲ ಇಬ್ಬರೂ ಒಂದೇ ಮಾತು ಹೇಳ್ತಾರೆ."

ಅವನೂ ನಕ್ಕ. ಆಮೇಲೆ ದೀಪ ಆರಿಸಿ, ಬಾಗಿಲಿಗೆ ಬೀಗ ಹಾಕಿ, ಬೀದಿಯಲ್ಲಿ ಎಲ್ಲರ ಕಣ್ಣೆದುರೇ ಅವಳ ಕೈ ಹಿಡಿದುಕೊಂಡ. ಎದುರಿನ ಅಂಗಡಿಯವರು ತೂಗುವುದನ್ನು ನಿಲ್ಲಿಸಿ ನೋಡಿದರು. ಮಹಡಿಯ ಕಿಟಕಿಯೊಂದು ತೆರೆದುಕೊಂಡಿತು. ಬಟ್ಟೆ ಒಣಹಾಕುತ್ತಿದ್ದ ಒಬ್ಬ ಅಜ್ಜಿ ಮಾತ್ರ, "ಅಂತೂ ಊರಲ್ಲಿ ಒಂದು ಒಳ್ಳೇ ಸುದ್ದಿ ಹುಟ್ತು ಬಿಡಪ್ಪಾ," ಎಂದು ಜೋರಾಗಿಯೇ ಹೇಳಿ ಒಳಗೆ ಹೋದಳು.

"ಮೊದಲು ಯಾರ ಮನೆಗೆ?" ಅವನು ಕೇಳಿದ.

"ಅಮ್ಮನ ಹತ್ರ," ಎಂದಳು ಅವಳು. "ಆಮೇಲಿಂದು ಅವಳೇ ನೋಡ್ಕೋತಾಳೆ."