ನಾಲ್ಕರಲ್ಲಿ ಒಂದು ಪಾಲು

ಬಸ್ಸು ಪೂರ್ತಿ ನಿಲ್ಲುವ ಮೊದಲೇ ಶಿವಲೀಲಾ ಹೊರಗಿನಿಂದ ಕಿಟಕಿಯೊಳಗೆ ಟವೆಲ್ ಒಗೆದಳು. ಅದು ನೆಟ್ಟಗೆ ಹೋಗಿ ಡ್ರೈವರನ ಹಿಂದಿನ ಸೀಟಿನ ಮೇಲೆ ಬಿತ್ತು. ಆಮೇಲೆ ಯಾರದೋ ಮೊಣಕೈ, ಯಾರದೋ ಚೀಲ ತಪ್ಪಿಸಿಕೊಂಡು ಒಳಗೆ ನುಗ್ಗಿ, ಆ ಸೀಟಿನ ಮೇಲೆ ಕೂತೇಬಿಟ್ಟಳು. ಟವೆಲ್ ಒಗೆದವರದೇ ಸೀಟು. ಇರಕಲ್ಲಗಡದಲ್ಲಿ ಈ ಕಾನೂನು ಎಲ್ಲರಿಗೂ ಗೊತ್ತು.

"ಅವ್ವಾ, ಸೀಟ್ ಹಿಡದೀನಿ. ನೀ ಸಾವಕಾಶ ಹತ್ತು," ಎಂದು ಕಿಟಕಿಯಿಂದಲೇ ಕೂಗಿದಳು.

ಅವ್ವ ಶಂಕ್ರಮ್ಮ ಕೋಲನ್ನು ಮೊದಲು ಮೆಟ್ಟಿಲ ಮೇಲೆ ಇಟ್ಟಳು. ಆಮೇಲೆ ಎಡಗಾಲು, ಕೊನೆಗೆ ಬಲಗಾಲು. ಅಪ್ಪ ಅಂದಪ್ಪ ಹಿಂದಿನಿಂದ ಆಸರೆ ಕೊಟ್ಟ. ಅವಸರದ ಕಂಡಕ್ಟರ್ ಕೂಡ ಸೀಟಿ ಊದದೆ ಕಾದ.

ಅವ್ವನ ಬಲಗಾಲಿನಲ್ಲಿ ಹತ್ತು ತಿಂಗಳಿಂದ ಸ್ಟೀಲಿನ ರಾಡು ಇದೆ. ಮೂಳೆ ಸರಿಯಾಗಿ ಕೂಡಿಲ್ಲ, ಇನ್ನೊಂದು ಆಪರೇಷನ್ ಆಗಲೇಬೇಕು ಎಂದು ಡಾಕ್ಟರು ಹೇಳಿದ್ದರು. ಅದಾಗದಿದ್ದರೆ ಅವ್ವ ಜೀವನಪೂರ್ತಿ ಕಾಲು ಎಳೆದುಕೊಂಡೇ ನಡೆಯಬೇಕು. ಓಣಿಯ ಹೆಂಗಸರ ಜಂಪರುಗಳನ್ನೆಲ್ಲ ಹೊಲಿಯುತ್ತಿದ್ದ ಅವಳ ಮಿಷನ್ನು ಮೂಲೆಯಲ್ಲಿ ಹಳೇ ಸೀರೆ ಹೊದ್ದು ಕೂತಿತ್ತು. ಮಿಷನ್ ತುಳಿಯಲು ಕಾಲು ಬೇಕಲ್ಲ. ಆಪರೇಷನ್ನಿಗೆ ದುಡ್ಡು ಬೇಕು, ಆ ದುಡ್ಡು ಬರಬೇಕಾದದ್ದು ಕೋರ್ಟಿನಿಂದ.

ಹಾಗಾಗಿ ಇವತ್ತು ಮೂವರೂ ಕೊಪ್ಪಳದ ಕೋರ್ಟಿಗೆ ಹೊರಟಿದ್ದರು. ಲೋಕ ಅದಾಲತ್ ಅಂತೆ. ಎರಡೂ ಕಡೆಯವರನ್ನು ಕೂರಿಸಿ, ಮಾತಾಡಿಸಿ, ಒಂದೇ ದಿನದಲ್ಲಿ ಕೇಸು ಮುಗಿಸುತ್ತಾರಂತೆ.

ಶಿವಲೀಲಾ ರಜೆ ಚೀಟಿಯನ್ನು ತಾನೇ ಬರೆದಿದ್ದಳು. 'ಕೋರ್ಟಿಗೆ ಹೋಗುವ ಕಾರಣ' ಎಂಬ ಸಾಲನ್ನು ಟೀಚರು ಓದಿದಾಗ ಆರನೇ ಕ್ಲಾಸಿಗೆ ಕ್ಲಾಸೇ ಅವಳ ಕಡೆ ತಿರುಗಿತ್ತು. ಜಡ್ಜ್ ಸಾಹೇಬರು ಟೀವಿಯಲ್ಲಿ ಬಡಿದಂತೆ ಸುತ್ತಿಗೆ ಬಡಿಯುತ್ತಾರೋ ಇಲ್ಲವೋ ನೋಡಿಕೊಂಡು ಬಾ ಎಂದು ಗೆಳತಿ ಮೆಹಜಬೀನ ಮೂರು ಸಲ ಹೇಳಿ ಕಳಿಸಿದ್ದಳು. ಶಿವಲೀಲಾಳಿಗೆ ಖುಷಿಯಲ್ಲಿ ರಾತ್ರಿ ನಿದ್ದೆಯೇ ಹತ್ತಿರಲಿಲ್ಲ.

ನಿದ್ದೆ ಹತ್ತದಿರಲು ಇನ್ನೊಂದು ಕಾರಣವೂ ಇತ್ತು. ಅದನ್ನು ಅವಳು ಮೆಹಜಬೀನಳಿಗೂ ಹೇಳಿರಲಿಲ್ಲ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಅವರ ಹೊಲದ ಮೆಕ್ಕೆಜೋಳ ರಾಶಿಯಾಗಿತ್ತು. ಕಾಳು ಹಸಿ ಇದ್ದರೆ ವ್ಯಾಪಾರಿ ಮುಟ್ಟುವುದಿಲ್ಲ. ಮನೆಯ ಮುಂದೆ ಜಾಗವಿಲ್ಲ. ಊರಿನವರೆಲ್ಲ ಮಾಡುವಂತೆ ಅಪ್ಪನೂ ಡಾಂಬರು ರಸ್ತೆಯ ಅರ್ಧಕ್ಕೆ ಕಾಳು ಹರವಿ, ಗಾಡಿಗಳು ಹಾಯದಂತೆ ಅಂಚಿಗೆ ಸಾಲಾಗಿ ಕಲ್ಲು ಇಟ್ಟಿದ್ದ. ಏನೇ ಆದರೂ ಕಾಳು, ಕಲ್ಲು ನಡುವಿನ ಬಿಳಿ ಗೆರೆ ದಾಟಬಾರದು ಎಂದು ಮಗಳಿಗೆ ಹೇಳಿ, ಚೀಲ ತರಲು ಮನೆಗೆ ಹೋಗಿದ್ದ.

ಹೊತ್ತು ಇಳಿಯುತ್ತಿತ್ತು. ಅವ್ವ ಆಚೆ ತುದಿಯಲ್ಲಿ ಕಾಳು ತಿರುವುತ್ತಿದ್ದಳು. ಕಾಳು ದಪ್ಪಗೆ ಬಿದ್ದಿತ್ತು, ಅಡಿಯದು ಇನ್ನೂ ತಣ್ಣಗಿತ್ತು. ತೆಳ್ಳಗೆ ಹರವಿದರೆ ಬೇಗ ಒಣಗುತ್ತದೆ ಎಂದು ಶಿವಲೀಲಾಳ ಜಾಣ ತಲೆಗೆ ಹೊಳೆಯಿತು. ಒಂದೊಂದೇ ಕಲ್ಲನ್ನು ಎತ್ತಿ ಬಿಳಿ ಗೆರೆಯ ಆಚೆ ಇಟ್ಟಳು. ಕಾಳನ್ನು ಕಾಲಿನಿಂದ ಅಲ್ಲಿಯವರೆಗೂ ಎಳೆದಳು. ಅಪ್ಪ ಬಂದು ನೋಡಿ ಶಭಾಶ್ ಅನ್ನುತ್ತಾನೆ ಎಂದುಕೊಂಡಳು.

ಅಪ್ಪನಿಗಿಂತ ಮೊದಲು ಕಾರು ಬಂತು. ಮುಂದಿನ ಗಾಲಿ ಕಲ್ಲಿಗೆ ಬಡಿದು, ಕಾರು ಕಾಳಿನ ಮೇಲೆ ಏರಿತು. ಗೋಲಿಗಳ ಮೇಲೆ ಕಾಲಿಟ್ಟಂತೆ ಸರ್ರನೆ ಜಾರಿ, ಬಗ್ಗಿ ಕಾಳು ತಿರುವುತ್ತಿದ್ದ ಅವ್ವನಿಗೆ ಬಂದು ಬಡಿಯಿತು.

ಕಲ್ಲು ಗೆರೆಯ ಒಳಗೇ ಇದ್ದವು ಎಂದು ಅಪ್ಪ ಪೊಲೀಸರಿಗೆ ಹೇಳಿದ. ಅವನು ಸುಳ್ಳು ಹೇಳಲಿಲ್ಲ. ಅವನು ಇಟ್ಟದ್ದು ಒಳಗೇ. ಆಚೆ ಸರಿದದ್ದು ಅವನಿಗೆ ಗೊತ್ತಿರಲಿಲ್ಲ, ಅಷ್ಟೇ. ಶಿವಲೀಲಾ ಬಾಯಿ ಬಿಡಲಿಲ್ಲ. ಅವಳ ಲೆಕ್ಕದಲ್ಲಿ ತಪ್ಪು ಎಂದರೆ ಕ್ರಿಕೆಟ್ಟಿನ ಹಾಗೆ. ಔಟ್ ಇಲ್ಲವೆ ನಾಟ್ ಔಟ್. ನಿಜ ಹೇಳಿದರೆ ತಪ್ಪೆಲ್ಲ ತಮ್ಮದೇ ಆಗುತ್ತದೆ, ಕಾರಿನವನು ಆರಾಮಾಗಿ ಮನೆಗೆ ಹೋಗುತ್ತಾನೆ, ಅವ್ವನ ಕಾಲು ಹಾಗೇ ಉಳಿಯುತ್ತದೆ.

ಕೋರ್ಟಿನ ಅಂಗಳದಲ್ಲಿ ಜಾತ್ರೆಯಷ್ಟು ಜನ. ಕರಿ ಕೋಟುಗಳು ಅತ್ತಿಂದಿತ್ತ ಓಡಾಡುತ್ತಿದ್ದವು. ಅವರ ವಕೀಲೆ ಸುರೇಖಾ ಮೇಡಂ ಫೈಲುಗಳ ಕಟ್ಟನ್ನು ಎದೆಗೆ ಒತ್ತಿಕೊಂಡು ಬಂದರು. ಕಾರಿನ ಇನ್ಶೂರೆನ್ಸ್ ಕಂಪನಿ ದುಡ್ಡು ಕೊಡಬೇಕು, ಆದರೆ ತಪ್ಪೆಲ್ಲ ನಿಮ್ಮದೇ ಎಂದು ಅವರ ವಕೀಲರು ಹಟ ಹಿಡಿದಿದ್ದಾರೆ ಎಂದರು. ಕಲ್ಲು ಗೆರೆಯ ಒಳಗೇ ಇದ್ದವಲ್ಲ ಎಂದು ಅಪ್ಪನನ್ನು ಇನ್ನೊಮ್ಮೆ ಕೇಳಿದರು. ಅಪ್ಪ ಹೌದೆಂದ. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನೆಲ ನೋಡುತ್ತಿದ್ದಳು.

ಒಳಗೆ ಉದ್ದನೆಯ ಟೇಬಲ್ಲು. ಅದರ ಹಿಂದೆ ಜಡ್ಜ್ ಸಾಹೇಬರು ಸ್ಟೀಲ್ ಲೋಟದಲ್ಲಿ ನೀರು ಕುಡಿಯುತ್ತಿದ್ದರು. ಸುತ್ತಿಗೆ ಎಲ್ಲೂ ಕಾಣಲಿಲ್ಲ. ಮೆಹಜಬೀನಳಿಗೆ ಬೇಜಾರಾಗುತ್ತದೆ ಎಂದುಕೊಂಡಳು ಶಿವಲೀಲಾ.

ಆಚೆ ಬದಿಗೆ ಇನ್ಶೂರೆನ್ಸ್ ವಕೀಲರು, ಅವರ ಪಕ್ಕ ಆ ದಿನ ಕಾರು ಓಡಿಸಿದ ಪ್ರಭುರಾಜ. ಕುಷ್ಟಗಿಯಲ್ಲಿ ಅವನದು ಬೀಜ ಗೊಬ್ಬರದ ಅಂಗಡಿ. ಆ ದಿನ ಅವ್ವನನ್ನು ಅವನೇ ತನ್ನ ಕಾರಿನಲ್ಲಿ ಆಸ್ಪತ್ರೆಗೆ ಒಯ್ದಿದ್ದ. ಈಗ ಮಾತ್ರ ಅವ್ವನ ಕೋಲಿನ ಕಡೆ ನೋಡದೆ ಕೂತಿದ್ದ.

ವಕೀಲರು ಒಂದು ಫೋಟೋ ಮುಂದಿಟ್ಟರು. ಅದರಲ್ಲಿ ಒಂದು ಕಲ್ಲು ಬಿಳಿ ಗೆರೆಯ ಆಚೆ ಬಿದ್ದಿತ್ತು. ಪ್ರಭುರಾಜ ಎರಡೂ ಕೈ ಸ್ಟೇರಿಂಗ್ ಮೇಲಿಟ್ಟು ನಿಧಾನಕ್ಕೆ ಬರುತ್ತಿದ್ದ, ಇವರೇ ರಸ್ತೆಗೆ ಅಡ್ಡ ಕಲ್ಲಿಟ್ಟರು, ಕಂಪನಿ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ ಎಂದು ವಾದ ಮಾಡಿದರು.

"ಇಲ್ರಿ ಸಾಹೇಬ್ರ. ನಾ ಕಲ್ಲು ಗೆರಿ ಒಳಗ ಇಟ್ಟಿದ್ನಿ," ಎಂದ ಅಪ್ಪ. "ಕಾರು ಬಡದ ಮ್ಯಾಲೆ ಅದು ಅತ್ಲಾಗ ಸರದಿರಬೇಕ್ರಿ."

ಜಡ್ಜ್ ಸಾಹೇಬರು ಇಬ್ಬರನ್ನೂ ನೋಡಿದರು. ನೀವೊಂದು ಹೇಳುತ್ತೀರಿ, ಅವರೊಂದು ಹೇಳುತ್ತಾರೆ, ಹಾಗಿದ್ದರೆ ಇವತ್ತು ಮುಗಿಯುವ ಕೇಸಲ್ಲ ಎಂದರು. ಸಾಕ್ಷಿ, ವಿಚಾರಣೆ ಎಂದು ಇನ್ನೂ ಎರಡು ವರ್ಷ ಹಿಡಿಯಬಹುದು ಎಂದು ಫೈಲನ್ನು ಎತ್ತಿ ಪಕ್ಕದ ರಾಶಿಗೆ ಹಾಕಿದರು.

ಎರಡು ವರ್ಷ. ಅವ್ವ ಕೋಲು ಊರಿ ಏಳಲು ನೋಡಿದಳು. ಕಾಲು ಏಳಗೊಡಲಿಲ್ಲ. ಅಪ್ಪ ರಟ್ಟೆ ಹಿಡಿದು ಎತ್ತಬೇಕಾಯಿತು.

ಶಿವಲೀಲಾ ಅವ್ವನ ಕಾಲನ್ನೇ ನೋಡಿದಳು. ಇನ್ನು ಎರಡು ವರ್ಷ ಇದನ್ನೇ ನೋಡಬೇಕೆ ಎಂದು ಅಳು ಒತ್ತರಿಸಿ ಬಂತು. ಅಳುವಿಗಿಂತ ಮೊದಲು ಮಾತು ಬಂದುಬಿಟ್ಟಿತು.

"ಕಲ್ಲು ಸರಿಸಿದಾಕಿ ನಾನ್ರಿ."

ಅಪ್ಪ ಅವಳ ಕಡೆ ತಿರುಗಿದ. ಸುರೇಖಾ ಮೇಡಂ ಫೈಲು ಕಟ್ಟುತ್ತಿದ್ದವರು ಹಾಗೇ ನಿಂತರು. ಜಡ್ಜ್ ಸಾಹೇಬರು ಅವಳನ್ನು ಹತ್ತಿರ ಕರೆದು, ಹೆದರಬೇಡ, ಎಷ್ಟು ಸರಿಸಿದ್ದೆ ತೋರಿಸು ಎಂದರು.

ನೆಲದ ಫರಸಿಯ ಮೇಲೆ ಒಂದು ಗೀಟಿತ್ತು. ಅದನ್ನೇ ಬಿಳಿ ಗೆರೆ ಎಂದುಕೊಂಡು ಶಿವಲೀಲಾ ಹಿಮ್ಮಡಿಗೆ ಹೆಬ್ಬೆರಳು ಹಚ್ಚಿ ಹೆಜ್ಜೆ ಇಟ್ಟಳು. ಒಂದು, ಎರಡು, ಮೂರು.

"ಇಷ್ಟ್ರಿ. ಅಪ್ಪಗ ಗೊತ್ತಿಲ್ರಿ. ಕಾಳು ಲಗೂನ ಒಣಗಲಿ ಅಂತ ಸರಿಸೀನ್ರಿ."

ನೋಡಿ ಸರ್, ಹುಡುಗಿಯೇ ಒಪ್ಪಿಕೊಂಡಳು, ಇನ್ನೇನಿದೆ ಎಂದು ವಕೀಲರು ಖುಷಿಯಿಂದ ಪೆನ್ನಿನ ಕ್ಯಾಪ್ ಹಾಕಿದರು. ಆಯಿತು, ಔಟ್ ಎಂದುಕೊಂಡಳು ಶಿವಲೀಲಾ. ಅಪ್ಪನ ಮುಖ ನೋಡಲು ಧೈರ್ಯವಾಗಲಿಲ್ಲ.

ಆಗ ಪ್ರಭುರಾಜ ಎದ್ದು ನಿಂತ. ವಕೀಲರು ಅಂಗಿ ಹಿಡಿದು ಜಗ್ಗಿದರೂ ಕೂರಲಿಲ್ಲ.

"ಸರ್, ಆ ಹುಡುಗಿ ಅಷ್ಟು ಹೇಳಿದ ಮ್ಯಾಲೆ ನಾ ಸುಮ್ನ ಕುಂದ್ರಾಕ ಆಗೂದಿಲ್ರಿ," ಎಂದ. "ನನ್ನ ಒಂದು ಕೈಯಾಗ ಫೋನ್ ಇತ್ರಿ. ಅಂಗಡಿದು ಕಾಲ್ ಬಂದಿತ್ತು, ಮಾತಾಡ್ಕೋತ ಬಂದ್ನಿ. ಜೋರಾಗೂ ಇದ್ನಿ. ಕಲ್ಲು ದೂರದಿಂದ ಕಾಣೂ ಹಂಗ ಇದ್ದೂರಿ. ನಾನ ನೋಡಲಿಲ್ಲ."

ವಕೀಲರು ಕ್ಯಾಪನ್ನು ಮತ್ತೆ ತೆಗೆದರು.

ಜಡ್ಜ್ ಸಾಹೇಬರು ಪಕ್ಕದ ರಾಶಿಯಿಂದ ಫೈಲನ್ನು ವಾಪಸ್ ಎಳೆದುಕೊಂಡರು. ಶಿವಲೀಲಾಳಿಗೆ ಕುಣಿದಾಡುವಷ್ಟು ಖುಷಿಯಾಯಿತು. ಅವರು ಒಂದು ಖಾಲಿ ಹಾಳೆಯ ಮೇಲೆ ರೊಟ್ಟಿಯಷ್ಟು ದುಂಡಗೆ ಗೆರೆ ಎಳೆದು, ನಾಲ್ಕು ಭಾಗ ಮಾಡಿ ಎಲ್ಲರಿಗೂ ಕಾಣುವಂತೆ ಹಿಡಿದರು.

"ಗಾಡಿ ಓಡಿಸಾಂವ ಮುಂದ ನೋಡಬೇಕು. ಹಂಗಾಗಿ ಈ ಮೂರು ಪಾಲು ತಪ್ಪು ಕಾರಿನವರದು. ರಸ್ತೆ ನಿಮ್ಮ ಕಣ ಅಲ್ಲ. ಈ ಒಂದು ಪಾಲು ನಿಮ್ಮದು," ಎಂದರು. "ಪರಿಹಾರ ನಾಲ್ಕು ಲಕ್ಷ ಆಗತೈತಿ. ನಿಮ್ಮ ಪಾಲಿಂದು ಒಂದು ಲಕ್ಷ ಮುರಕೊಂಡು ಉಳಿದ ಮೂರು ಲಕ್ಷ ಕಂಪನಿ ಕೊಡಲಿ. ಎಲ್ಲಾರಿಗೂ ಒಪ್ಪಿಗಿ ಐತೇನು?"

ಶಿವಲೀಲಾ ಹಾಳೆಯನ್ನೇ ನೋಡಿದಳು. ನಾಲ್ಕರಲ್ಲಿ ಒಂದು, ನಾಲ್ಕರಲ್ಲಿ ಮೂರು. ಕ್ಲಾಸಿನಲ್ಲಿ ಭಿನ್ನರಾಶಿಗೆ ಟೀಚರು ಬರೆದ ಚಿತ್ರವೇ ಇದು. ರೊಟ್ಟಿ, ಹೊಲ, ಪೆನ್ಸಿಲ್ ಡಬ್ಬಿಗಳನ್ನೆಲ್ಲ ಪಾಲು ಮಾಡಿದ್ದರು. ತಪ್ಪನ್ನೂ ಹೀಗೆ ಪಾಲು ಮಾಡಬಹುದು ಎಂದು ಯಾರೂ ಹೇಳಿರಲಿಲ್ಲ. ಹತ್ತು ತಿಂಗಳು ಸುಮ್ಮನೆ ಹೆದರಿಕೊಂಡು ಕೂತೆನಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ವಕೀಲರು ಹೊರಗೆ ಹೋಗಿ ಕಂಪನಿಯವರಿಗೆ ಫೋನ್ ಹಚ್ಚಿದರು. ಅವರು ಬರುವ ತನಕ ಎಲ್ಲರೂ ಬಾಗಿಲನ್ನೇ ನೋಡುತ್ತ ಕೂತರು. ಬಂದವರು ಕಂಪನಿ ಒಪ್ಪಿದೆ ಎಂದು ತಲೆ ಆಡಿಸಿದರು. ಅಪ್ಪ ಸಹಿ ಮಾಡಿದ. ಅವ್ವ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದಳು. ಆಪರೇಷನ್ ಆಗಿ ಸ್ವಲ್ಪ ದುಡ್ಡು ಉಳಿಯುತ್ತದೆ, ದೀಪಾವಳಿಯೊಳಗೆ ಡಾಕ್ಟರ ಹತ್ತಿರ ತಾರೀಖು ತೆಗೆದುಕೊಳ್ಳಿ ಎಂದು ಸುರೇಖಾ ಮೇಡಂ ಅಪ್ಪನಿಗೆ ಹೇಳಿದರು. ಪ್ರಭುರಾಜ ಹೋಗುವ ಮುಂಚೆ ಅವ್ವನ ಮುಂದೆ ಬಂದು ಕೈ ಮುಗಿದ. ಅವ್ವನೂ ಮುಗಿದಳು.

ಹೊರಗೆ ಬಂದ ಮೇಲೆ ಅಪ್ಪ ಮಂಡಕ್ಕಿ ಮಿರ್ಚಿ ಕೊಡಿಸಿದ. ಶಿವಲೀಲಾ ಮಿರ್ಚಿಯನ್ನು ಕೈಯಲ್ಲೇ ಹಿಡಿದುಕೊಂಡು ಬಸ್ಸು ಹತ್ತಿದಳು. ಕೋರ್ಟಿನೊಳಗಿನ ಹುರುಪು ಇಳಿದು, ಹೋದ ಒಂದು ಲಕ್ಷ ತಲೆ ತಿನ್ನಲು ಹತ್ತಿತ್ತು. ಬಸ್ಸು ಕೊಪ್ಪಳ ದಾಟುವ ತನಕ ತಡೆದಳು. ಆಮೇಲೆ ತಡೆಯಲಾಗಲಿಲ್ಲ.

"ಅಪ್ಪಾ, ಆ ಒಂದು ಪಾಲು ತಪ್ಪು ನಂದ ಹೌದಲ್ಲ?"

"ನಿಂದೆಂಗ ಆಗತೈತಿ? ರಸ್ತೆದ ಮ್ಯಾಲೆ ಕಾಳು ಹಾಕಿದಾಂವ ನಾನು," ಎಂದ ಅಪ್ಪ ಕಿಟಕಿಯ ಆಚೆ ನೋಡುತ್ತ. "ನಿನ್ನ ಒಂದು ಮಾತು ಕೇಳಲಾರದ, ಎಲ್ಲಾ ಗೊತ್ತಿದ್ದಾಂವನಂಗ ಸಾಹೇಬ್ರ ಮುಂದ ಹೇಳಿದ್ನಿ. ಅದು ನಂದು."

ಅವ್ವ ಕೋಲನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡಿದ್ದಳು. ಅವಳು ಹಾಗೇ ತಲೆ ತಗ್ಗಿಸಿ ಹೇಳಿದಳು.

"ನೀ ಕಲ್ಲು ಸರಿಸೂದು ನಾ ನೋಡಿದ್ನಿ. ಹೊತ್ತು ಮುಳಗತೈತಿ, ಒಣಗಿದ್ರ ಒಣಗಲಿ ಅಂತ ಸುಮ್ನಾದ್ನಿ. ಆಮ್ಯಾಲೆ ಪೊಲೀಸ್ರು ಬಂದಾಗ, ನಿನ್ನ ಏನಾರ ಅಂದಾರು ಅಂತ ಮತ್ತ ಸುಮ್ನಾದ್ನಿ. ಅದು ನಂದವ್ವ. ನೀ ಸಣ್ಣಾಕಿ."

ಶಿವಲೀಲಾ ಅವ್ವನ ಮುಖ ನೋಡಿದಳು. ಹತ್ತು ತಿಂಗಳು ಒಂದೇ ಮನೆಯಲ್ಲಿ, ಒಂದೇ ಹಾಸಿಗೆಯ ಮೇಲೆ ಮಲಗಿ, ಇಬ್ಬರೂ ಒಂದೇ ಮಾತನ್ನು ಬಚ್ಚಿಟ್ಟುಕೊಂಡಿದ್ದರು. ಅವ್ವನ ಹೆಗಲಿಗೆ ತಲೆ ಒತ್ತಿ ಅವಳು ಜೋರಾಗಿ ಅತ್ತುಬಿಟ್ಟಳು. ಅಪ್ಪ ಟವೆಲ್ಲಿನಿಂದ ಅವಳ ಮೂಗು ಒರೆಸಿದ. ಆಗಲಿ ಬಿಡು, ಆ ಪಾಲನ್ನು ನಾವಿಬ್ಬರೇ ಅರ್ಧರ್ಧ ಹಂಚಿಕೊಳ್ಳುತ್ತೇವೆ, ನೀನು ಮಿರ್ಚಿ ತಿನ್ನು ಎಂದ.

"ಅಲ್ಲಪ್ಪ, ಇಬ್ರಲ್ಲ, ಮೂರು ಮಂದಿ," ಎಂದಳು ಶಿವಲೀಲಾ ಬಿಕ್ಕುತ್ತ.

ಬೆರಳು ಮಡಚಿ ಲೆಕ್ಕ ಹಾಕಿದಳು. ನಾಲ್ಕರಲ್ಲಿ ಒಂದು ಪಾಲು, ಅದರಲ್ಲಿ ಮತ್ತೆ ಮೂರು ಪಾಲು. ಹನ್ನೆರಡರಲ್ಲಿ ಒಂದು ಅವಳದು. ಅಪ್ಪ ಅವ್ವ ಇಬ್ಬರೂ ಎಷ್ಟು ಹೇಳಿದರೂ, ಊರು ಬರುವ ತನಕ ಅವಳು ಅದನ್ನು ಬಿಟ್ಟುಕೊಡಲಿಲ್ಲ.