ಮೂಗಿನೊಳಗಿನ ಸ್ಪಂಜು

ಮಂಗಳವಾರ ಬೆಳಿಗ್ಗೆ 6.40ಕ್ಕೆ ಕುದುರೆಲಾಯದ ಮಾಲೀಕರು ಏದುಸಿರು ಬಿಡುತ್ತ ಠಾಣೆಗೆ ಬಂದರು. ತಾಲೀಮಿನಲ್ಲಿ ಅವರ ಕಂದು ಕುದುರೆ ಓಡುತ್ತಿದ್ದಂತೆಯೇ ಕುಸಿದಿತ್ತು. ಸವಾರಿ ಮಾಡುತ್ತಿದ್ದ ಹುಡುಗಿ ಪ್ರಜ್ಞೆಯಿಲ್ಲದೆ ಆಸ್ಪತ್ರೆ ಸೇರಿದ್ದಳು.

“ಯಾರೋ ಬೇಕಂತಲೇ ಏನೋ ಮಾಡಿದಾರೆ, ಮೇಡಂ.”

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಒಬ್ಬ ಕಾನ್‌ಸ್ಟೇಬಲ್ ಜೊತೆ ಹೊರಟರು. ಹುಡುಗಿ ಉಳಿಯದಿದ್ದರೆ ಇದು ಸಾವಿನ ಕೇಸು. ಫೋನ್ ಸದ್ದಾದಾಗಲೆಲ್ಲ ಆಸ್ಪತ್ರೆಯ ನಂಬರೇ ಎಂದು ಅವರು ಮೊದಲು ನೋಡುತ್ತಿದ್ದರು.

ಲಾಯದ ಬಾಗಿಲಲ್ಲೇ ಇಬ್ಬರೂ ನಿಂತರು. ಒಳಗೆ ಹಸಿಮರ ಕೊಯ್ಯುವಂಥ ಸದ್ದು. ಅದು ಕುದುರೆಯ ಉಸಿರು.

“ಗಂಟಲಿನ ಹಳೇ ಕಾಯಿಲೆ,” ಎಂದರು ಕುದುರೆಯ ಪಕ್ಕದಲ್ಲಿದ್ದ ಪಶುವೈದ್ಯರು. “ಗಾಳಿದಾರಿ ಪೂರ್ತಿ ತೆರೆಯಲ್ಲ. ಓಡಿಸಬೇಡಿ ಅಂತ ಬರೆದುಕೊಟ್ಟಿದ್ದೆ.”

ಮಾಲೀಕರು ಮುಖ ತಿರುಗಿಸಿದರು.

“ಆದರೆ ಬಲಮೂಗಲ್ಲಿ ಮಾತ್ರ ಕೀವಿದೆ, ಒಳಗೇನೋ ಸಿಕ್ಕಿಕೊಂಡಿರಬೇಕು. ಕುದುರೆ ಬಾಯಿಂದ ಉಸಿರಾಡಲ್ಲ, ಮೇಡಂ. ಮೂಗೇ ಗತಿ.”

ಮತ್ತಿನ ಮದ್ದು ಕೊಟ್ಟು, ಕ್ಯಾಮೆರಾ ಇರುವ ಕೊಳವೆ ಇಳಿಸಿ, 8.15ಕ್ಕೆ ಅವರು ಹೊರಗೆಳೆದದ್ದು ಗಬ್ಬು ನಾರುವ ಸ್ಪಂಜಿನ ತುಂಡು. ಪಂಚನಾಮೆ ಆಯಿತು.

“ಮತ್ತಿನ ಮದ್ದಿಲ್ಲದೆ ಇದರ ಮೂಗು ಮುಟ್ಟೋರು ಯಾರು?” ಎಂದರು ಇನ್‌ಸ್ಪೆಕ್ಟರ್.

“ಕಳ್ಳನ್ನ ಹಿಡಿ ಅಂದ್ರೆ ಹಿಡೀತೀನಿ, ಇದನ್ನ ನನ್ನಿಂದಾಗಲ್ಲ,” ಎಂದು ಕಾನ್‌ಸ್ಟೇಬಲ್ ಹಿಂದೆ ಸರಿದ.

“ಕುದುರೆಯಾಳೊಬ್ಬನೇ,” ಎಂದರು ವೈದ್ಯರು. “ಬಿದ್ದ ಹುಡುಗಿಯ ಅಪ್ಪ.”

ಮೈತೊಳೆಯುವ ಬಕೆಟ್ಟಿನಲ್ಲಿದ್ದ ದೊಡ್ಡ ಸ್ಪಂಜಿನ ಒಂದು ಮೂಲೆ ಕತ್ತರಿಸಿಹೋಗಿತ್ತು. ತುಂಡು ಅಲ್ಲಿಗೆ ಸರಿಯಾಗಿ ಕೂತಿತು. ಕುದುರೆಯಾಳು ಹೊರಗಿನ ಮೆಟ್ಟಿಲ ಮೇಲೆ ಮಂಡಿ ಹಿಡಿದು ಕೂತಿದ್ದ.

“ನೀನೇ ಇಟ್ಟಿದ್ದಾ?”

“ಹೂಂ. ನಾಲ್ಕು ದಿನ ಆಯ್ತು.”

“ಯಾಕೆ?”

“ಬರೋ ಭಾನುವಾರದ ಪಂದ್ಯಕ್ಕೆ ಮಗಳು ಹತ್ತೋಳಿದ್ಲು. ಓಡ್ತಾ ಉಸಿರು ಕಟ್ಟಿ ಬಿದ್ರೆ? ಮಾಲೀಕರ ಕಾಲಿಗೆ ಬಿದ್ದೆ. ‘ಕುದುರೆ ಅಂದ್ಮೇಲೆ ಬುಸುಗುಡುತ್ತೆ’ ಅಂದ್ರು. ಒಂದು ಮೂಗು ಕಟ್ಟಿ ಓಟದ ವೇಗ ಇಳಿದ್ರೆ ಪಂದ್ಯದಿಂದ ತೆಗೀತಾರೆ ಅಂದ್ಕೊಂಡೆ.”

“ಮಗಳಿಗೆ ಹೇಳ್ಬಹುದಿತ್ತಲ್ಲ?”

“ಅವಳು ಹೆದರೋಳಲ್ಲ ಮೇಡಂ. ಅದೇ ನನ್ನ ಹೆದರಿಕೆ. ಇವತ್ತು ತಾಲೀಮಿಗೆ ಬೇರೆಯವ್ರು ಹತ್ತಬೇಕಿತ್ತು. ನಾನು ಹುಲ್ಲು ತರೋಕೆ ಹೋದಾಗ ಇವಳೇ ಹತ್ತಿಬಿಟ್ಟಿದಾಳೆ.”

ಫೋನ್ ಸದ್ದಾಯಿತು. ಆಸ್ಪತ್ರೆಯದು. ಇನ್‌ಸ್ಪೆಕ್ಟರ್ ಎರಡು ಸಲ ರಿಂಗಾಗಲು ಬಿಟ್ಟು ಎತ್ತಿದರು. ಕುದುರೆಯಾಳು ಅವರ ಬಾಯನ್ನೇ ನೋಡುತ್ತಿದ್ದ.

“ಕಣ್ಣು ಬಿಟ್ಟಿದಾಳಂತೆ. ಪಕ್ಕೆಲುಬು ಮುರಿದಿದೆ, ಜೀವಕ್ಕೇನೂ ಇಲ್ಲ.”

ಅವನು ಗೋಡೆಗೆ ಹಣೆ ಚಚ್ಚಿಕೊಂಡು ಅತ್ತ. ಆಮೇಲೆ ತಾನಾಗಿಯೇ ಎರಡೂ ಕೈ ಮುಂದೆ ಚಾಚಿದ. ಬಂಧನದ ಸಮಯ 11.35.

ಹೇಳಿಕೆಯ ಕೊನೆಯಲ್ಲಿ ಇನ್‌ಸ್ಪೆಕ್ಟರ್ ತಾವೇ ಬರೆದರು: ಆರೋಪಿಗೆ ಯಾರ ಮೇಲೂ ದ್ವೇಷವಿಲ್ಲ. ಮಗಳು ಬೀಳುವುದನ್ನು ನೋಡಬಾರದೆಂದು ಹೀಗೆ ಮಾಡಿದ್ದಾನೆ.