ಓಗೊಟ್ಟವಳು

"ಕೀಲಿ ಕೊಡೋಕೆ ಮುಂಚೆ ಒಂದು ಮಾತು ಹೇಳಿಬಿಡ್ತೀನಿ ಕಣೇ," ಎಂದಳು ಚಂಪಕ್ಕ. "ಕತ್ತಲಾದ ಮೇಲೆ ಆ ಗಾಡಿಯಲ್ಲಿ ಕೂತಿರುವಾಗ ಯಾರಾದ್ರೂ ನಿನ್ನ ಹೆಸರು ಹಿಡಿದು ಕರೆದರೆ ಓ ಅನ್ನಬೇಡ. ನಮ್ಮನೆಯವರು ಅಂದುಬಿಟ್ರು. ಅವತ್ತಿನಿಂದ ಅವರಿಗೆ ದನಿ ಇಲ್ಲ."

ಬೃಂದಾ ತಡೆದುಕೊಳ್ಳಲು ನೋಡಿದಳು. ಆಗಲಿಲ್ಲ. ಕೈಯಲ್ಲಿದ್ದ ಚಹಾ ತುಳುಕುವಷ್ಟು ನಕ್ಕಳು. ಇಂಜಿನಿಯರಿಂಗ್ ಓದಲು ಮ್ಯಾಂಚೆಸ್ಟರಿಗೆ ಬಂದವಳಿಗೆ ಡೀಸೆಲ್ ಇಂಜಿನ್ನಿನ ಮಾಟದ ಕತೆ ಹೇಳುತ್ತಿದ್ದಾರಲ್ಲ ಎಂದು ನಕ್ಕಳು. ಚಂಪಕ್ಕ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಹಾಲು ಉಕ್ಕುವುದನ್ನು ಕಾಯುವವಳ ಹಾಗೆ ಆ ನಗು ಪೂರ್ತಿ ಮುಗಿಯುವವರೆಗೂ ಅವಳ ಮುಖವನ್ನೇ ನೋಡುತ್ತ ಕೂತಿದ್ದಳು.

ಕಾರು ಹಳೆಯದು, ಉದ್ದನೆಯ ಬೆನ್ನಿನದು. ಚಂಪಕ್ಕನ ಗಂಡ ಹರಿಶ್ಚಂದ್ರ ಅದನ್ನು ಗೆಳೆಯ ವಿಶ್ವೇಶ್ವರನಿಂದ ಕೊಂಡು, ಇಂಜಿನ್ ಪೂರ್ತಿ ಬಿಚ್ಚಿ, ಸವೆದದ್ದನ್ನೆಲ್ಲ ಬದಲಿಸಿ ಮತ್ತೆ ಕಟ್ಟಿದ್ದ. ಬಿಚ್ಚುವಾಗ ಎಣ್ಣೆ ನಿಲ್ಲುವ ತಳದ ತಟ್ಟೆಯಲ್ಲಿ ಕೂದಲು ಸುತ್ತಿ ಕರಿದಾರ ಕಟ್ಟಿದ ತಾಮ್ರದ ತಗಡೊಂದು ಸಿಕ್ಕಿತಂತೆ. ಅವನೂ ನಕ್ಕು ಕಸದ ಬುಟ್ಟಿಗೆ ಎಸೆದನಂತೆ.

"ಹರಿಯಣ್ಣನಿಗೆ ಆಗಿರೋದು ನರದ ತೊಂದರೆ ಅಕ್ಕ," ಎಂದಳು ಬೃಂದಾ. ಅಷ್ಟರಲ್ಲಿ ಚಂಪಕ್ಕನ ಮನೆಯ ಮಹಡಿಯ ಮೇಲಿಂದ ಗಡಗಡ ಸದ್ದು ಬಂತು. ಚಳಿಗೆ ಮರಗಟ್ಟಿದ ಇಂಜಿನ್ ಮೊದಲ ಸಲ ಹತ್ತಿಕೊಳ್ಳುವಾಗ ಬರುವಂಥ ಸದ್ದು. ವಾಷಿಂಗ್ ಮಷೀನು, ಎಂದಳು ಚಂಪಕ್ಕ.

ಚಂಪಕ್ಕ ಅಗ್ಗಕ್ಕೆ ಮಾರುತ್ತಿದ್ದ ಆ ಗಾಡಿ ಬೃಂದಾಗೆ ಬೇಕೇ ಬೇಕಿತ್ತು. ಹೊಸ ವರ್ಷದಿಂದ ಬರ್ಚ್‌ವುಡ್‌ನ ಕಂಪನಿಯೊಂದರಲ್ಲಿ ತರಬೇತಿ, ತಾನಿದ್ದ ಫಾಲೋಫೀಲ್ಡಿನಿಂದ ಅಲ್ಲಿಗೆ ನೇರ ಬಸ್ಸಿಲ್ಲ. ಅದೂ ಅಲ್ಲದೆ, ಚಂಪಕ್ಕ ಕೊಟ್ಟದ್ದನ್ನು ಅನುಮಾನಿಸುವುದು ಹೇಗೆ? ಬಂದ ಹೊಸತರಲ್ಲಿ ಜ್ವರ ಬಂದಾಗ ಜಿಪಿ ಡಾಕ್ಟರ ಹತ್ತಿರ ಕರೆದೊಯ್ದವಳು, ಸಾರು ಕಾಯಿಸಿ ಡಬ್ಬಿಯಲ್ಲಿ ತಂದವಳು, ತನ್ನ ಉಣ್ಣೆಯ ಕೋಟು ಹೊದಿಸಿದವಳು. ವಿಶ್ವವಿದ್ಯಾಲಯದಲ್ಲಿ ಎಲ್ಲರಿಗೂ ಬೃಂದಾ ಬರೀ ಬ್ರೆಂಡಾ. ಆ ಊರಲ್ಲಿ ಅವಳನ್ನು ಬೃಂದಾ ಎಂದು ಬಾಯಿತುಂಬ ಕರೆಯುವವಳು ಚಂಪಕ್ಕ ಒಬ್ಬಳೇ. ಇನ್ನೊಬ್ಬಳು ದಾವಣಗೆರೆಯಲ್ಲಿದ್ದಳು, ಅಮ್ಮ. ಅಮ್ಮನ ಕಣ್ಣು ಪೂರ್ತಿ ಮಂಜಾಗಿತ್ತು. ಕಳಿಸಿದ ಫೋಟೊ ಕಾಣುತ್ತಿರಲಿಲ್ಲ. ಭಾನುವಾರದ ಫೋನಿನಲ್ಲಿ ಕೇಳುವ ದನಿಯೇ ಅವಳ ಪಾಲಿನ ಮಗಳು.

ಗಾಡಿಪೂಜೆ ಆಗದೆ ಕೀಲಿ ಕೊಡುವುದಿಲ್ಲ ಎಂದು ಚಂಪಕ್ಕ ಹಟ ಹಿಡಿದಳು. ಭಾನುವಾರ ಇಬ್ಬರೂ ಎರಡು ತಾಸಿನ ದಾರಿಯ ಟಿವಿಡೇಲ್‌ನ ಬಾಲಾಜಿ ಗುಡಿಗೆ ಅದೇ ಗಾಡಿಯಲ್ಲಿ ಹೋದರು. ಅರ್ಚಕರು ಕುಂಕುಮ ಹಚ್ಚಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಬೃಂದಾ ನಗುತ್ತಲೇ ಗಾಡಿ ಮುಂದೆ ಬಿಟ್ಟಳು. ಪಚ್ ಪಚ್ ಎಂದು ಹಣ್ಣು ಒಡೆದವು. ಇಳಿದು ನೋಡಿದರೆ ಒಂದು ಮಾತ್ರ ಹಾಗೇ ಇತ್ತು. ಗಾಲಿ ಹತ್ತಿಳಿದರೂ ಚಪ್ಪಟೆಯಾಗಿರಲಿಲ್ಲ. ಎತ್ತಿಕೊಂಡಾಗ ಬೆರಳಿಗೆ ಕಪ್ಪು ಎಣ್ಣೆ ಅಂಟಿತು. ಮೂಗಿಗೆ ಸುಟ್ಟ ಕೂದಲಿನ ವಾಸನೆ. ಟೈರಿನ ಕೊಳೆ ಎಂದುಕೊಂಡು ಪೊದೆಗೆ ಎಸೆದಳು.

ಚಂಪಕ್ಕ ಗಾಡಿಯಿಂದ ಕೀಲಿ ತೆಗೆದು ಅವಳ ಅಂಗೈಯಲ್ಲಿಟ್ಟು, ಪ್ರಸಾದ ತರುತ್ತೇನೆ, ಚಳಿ, ಹೀಟರ್ ಹಾಕಿಕೊಂಡು ಕೂತಿರು ಎಂದು ಒಳಗೆ ಹೋದಳು.

ಚಳಿಗಾಲದ ಹೊತ್ತು, ನೋಡನೋಡುತ್ತ ಕತ್ತಲು ಇಳಿಯಿತು. ಬೃಂದಾ ಕೀಲಿ ಅರ್ಧ ತಿರುಗಿಸಿ, ಇಂಜಿನ್ ಬೆಚ್ಚಗಾಗುವುದನ್ನು ತೋರುವ ಹಳದಿ ದೀಪ ಆರುವವರೆಗೆ ಕಾದು, ಗಾಡಿ ಹಚ್ಚಿದಳು. ಗಡಗಡ. ಗಡಗಡ. ಹೀಟರಿನಿಂದ ಬಿಸಿಗಾಳಿ ಬಂತು. ಡೀಸೆಲ್ ನಾತ. ಅದರ ಹಿಂದೆ ಅದೇ ಸುಟ್ಟ ಕೂದಲಿನ ನಾತ. ಬದಿಯ ಕಿಟಕಿಗಳ ಮೇಲೆ ಉಸಿರು ಮಂಜುಗಟ್ಟಿತು.

"ಬೃಂದಾ."

ಅವಳು ತಲೆಯೆತ್ತಿದಳು. ಹೊರಗೆ ಯಾರೂ ಕಾಣಲಿಲ್ಲ. ಎಚ್ಚರಿಕೆ ನೆನಪಾಗಿ ತುಟಿ ಕಚ್ಚಿ ನಕ್ಕಳು.

"ಬೃಂದಾ."

ಇಂಜಿನ್ನಿನ ಸದ್ದು ಇಳಿಯಿತು. ಉಸಿರು ಹಿಡಿದು ಕಾಯುವ ಪ್ರಾಣಿಯ ಹಾಗೆ.

"ಬೃಂದಾ, ಪುಟ್ಟಾ."

ಚಂಪಕ್ಕನ ದನಿ. ಜ್ವರದಲ್ಲಿ ತಲೆ ಸವರಿದ ದನಿ. ಕೈತುಂಬ ಪ್ರಸಾದ ಹಿಡಿದಿರಬೇಕು, ಬಾಗಿಲು ತೆಗೆಯಲು ಕರೆಯುತ್ತಿರಬೇಕು.

"ಓ, ಅಕ್ಕ," ಎಂದಳು.

ಗಂಟಲಿಗೆ ಏನೋ ಇಳಿಯಿತು. ತಣ್ಣಗೆ. ಜಿಡ್ಡಾಗಿ. ದಾರದ ಎಳೆಯಂತೆ. ಅವಳು ಕೆಮ್ಮಿದಳು. ಇನ್ನೂ ಒಳಗೆ ಹೋಯಿತು. ಬಾಗಿಲಿಗೆ ಗುದ್ದಿದಳು. ತೆರೆಯಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಗಾಡಿಯ ಹಿಂದೆ ಯಾರೋ ನಿಂತಿದ್ದರು. ಚಂಪಕ್ಕ. ಕೈಯೆರಡೂ ಖಾಲಿ. ಬಾಯಿ ಇನ್ನೂ ತೆರೆದೇ ಇತ್ತು.

ಅಕ್ಕಾ ಎಂದು ಚೀರಿದಳು ಬೃಂದಾ. ಹೊರಟದ್ದು ಗಡಗಡ ಸದ್ದು. ಮಹಡಿಯ ಮೇಲೆ ಕೇಳಿದ್ದ ಅದೇ ಸದ್ದು.

ಆಗ ಇಂಜಿನ್ ತಾನಾಗಿ ನಿಂತಿತು. ಬಾಗಿಲು ತೆರೆದುಕೊಂಡಿತು. ಹೊರಗೆ ಚಂಪಕ್ಕ ಮೊಬೈಲನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದಳು. ಅದರೊಳಗಿಂದ ಗಂಡಸಿನ ಒಡಕು ದನಿಯೊಂದು ಚಂಪಾ, ಚಂಪಾ ಎಂದು ಅಳುತ್ತಿತ್ತು. ಹರಿಶ್ಚಂದ್ರನ ದನಿ. ಅವಳೂ ಅಳುತ್ತಿದ್ದಳು.

"ಗಾಡಿ ಯಾರನ್ನೂ ಕರೆಯಲ್ಲ ಕಣೇ," ಎಂದಳು ಕಣ್ಣೊರೆಸಿಕೊಂಡು. "ಒಳಗೆ ಕೂತವರು ನಂಬಿರೋ ಮನುಷ್ಯರೇ ಕರೀಬೇಕು. ಮುಂಚೆ ಎಚ್ಚರಿಕೆ ಕೊಟ್ಟಿರಬೇಕು, ಕೇಳಿದವರು ನಕ್ಕಿರಬೇಕು. ವಿಶ್ವೇಶ್ವರ ನಮಗೂ ಹೀಗೇ ಮಾಡಿದ್ದು."

ಬೃಂದಾ ಅವಳ ಸೆರಗು ಹಿಡಿದುಕೊಂಡಳು. ಚಂಪಕ್ಕ ಅವಳ ಬೆರಳುಗಳನ್ನು ಮೆಲ್ಲಗೆ, ನೋಯದ ಹಾಗೆ, ಒಂದೊಂದಾಗಿ ಬಿಡಿಸಿದಳು.

"ನೀನೂ ಮಾರಬಹುದು, ಆಗ ನಿನ್ನ ದನಿ ವಾಪಸ್ ಬರುತ್ತೆ. ಎಚ್ಚರಿಕೆ ಹೇಳೋಕೆ, ಹೆಸರು ಕರೆಯೋಕೆ ಅವರ ಬಾಯಾಗಿ ನಾನಿದ್ದೆ. ನಿನಗೂ ಯಾರನ್ನಾದ್ರೂ ನೋಡ್ಕೋ."

ಮ್ಯಾಂಚೆಸ್ಟರಿಗೆ ಹೊರಟಿದ್ದ ಯಾವುದೋ ಸಂಸಾರದ ಕಾರು ಹತ್ತಿ ಅವಳು ಹೋದಳು. ತಿರುಗಿ ನೋಡಲಿಲ್ಲ.

ಅಂಗಳ ಖಾಲಿಯಾಯಿತು. ಜಜ್ಜಿದ ನಿಂಬೆಯ ವಾಸನೆ ಮಾತ್ರ ಉಳಿಯಿತು. ಮಡಿಲಲ್ಲಿ ಫೋನು ನಡುಗಿತು. ಭಾನುವಾರ. ಮಗಳ ಫೋನು ಬರಲಿಲ್ಲವೆಂದು ಅಮ್ಮನೇ ಮಾಡಿಸಿದ್ದಳು. ಬೃಂದಾ ಗುಂಡಿ ಒತ್ತಿ ಕಿವಿಗಿಟ್ಟುಕೊಂಡು, ಇನ್ನೊಂದು ಕೈಯಿಂದ ತನ್ನ ಬಾಯಿಯನ್ನು ಬಿಗಿಯಾಗಿ ಮುಚ್ಚಿಕೊಂಡಳು. ಆ ಸದ್ದು ಅಮ್ಮನ ಕಿವಿಗೆ ಬೀಳಬಾರದಿತ್ತು.

"ಬೃಂದಾ?" ಎಂದಳು ಅಮ್ಮ. "ಲೈನಲ್ಲಿ ಇದ್ದೀಯೇನೆ? ಬೃಂದಾ... ಒಂದ್ಸಲ ಓ ಅನ್ನೇ."